ಟೋಪಿಯೊಳಗಿನ ಸಾಸಿವೆ

ಗರಗಸದ ಹಲ್ಲು ಲೋಹವನ್ನು ಕಚ್ಚಿತು. ಆ ಕಿರ್ರೆನ್ನುವ ಸದ್ದಿಗೆ ಕಾನ್‌ಸ್ಟೇಬಲ್ ಎರಡೂ ಕಿವಿ ಮುಚ್ಚಿಕೊಂಡ.

"ಸಾಕ್ಷಿ ಸಾಮಾನು ಹಾಳ್ಮಾಡಿದೆ ಅಂತ ಆಮೇಲೆ ನನ್ನ ಮೇಲೆ ಕೂಗಾಡ್ಬೇಡಿ ಮತ್ತೆ," ಎಂದಳು ಅಂಗಡಿಯವಳು, ಗರಗಸ ನಿಲ್ಲಿಸದೆ.

"ನೀವು ಕೊಯ್ಯಿರಿ," ಎಂದಳು ಇನ್ಸ್‌ಪೆಕ್ಟರ್. "ಇನ್ನೂ ಏಳು ಇವೆ."

ವೈಸಿನ ಕಬ್ಬಿಣದ ದವಡೆಯಲ್ಲಿ ಬಿಗಿದು ಕೂತಿದ್ದದ್ದು ಒಂದು ಪವರ್ ಟ್ರಾನ್ಸಿಸ್ಟರ್. ತಳದಲ್ಲಿ ಎರಡು ಕಿವಿಯ ಲೋಹದ ತಗಡು, ಅದರ ಮೇಲೆ ಗುಂಡನೆಯ ಮುಚ್ಚಳ. ಆ ಮುಚ್ಚಳದಿಂದಾಗಿ ಮಾರುಕಟ್ಟೆಯಲ್ಲಿ ಅದಕ್ಕೆ ಟೋಪಿ ಎಂದೇ ಹೆಸರು. ಅಂಥವನ್ನು ಮಾರಿಕೊಂಡೇ ಬದುಕಿದ ಅಂಗಡಿಯವಳು ಟೋಪಿ ಅಕ್ಕ. ಊರಿನ ಹಲ್ಲಿನ ಡಾಕ್ಟರೊಬ್ಬರು ತಮ್ಮ ಕೋಣೆಯಲ್ಲಿ, ತಾವೇ ಕಟ್ಟಿದ ಮಿಂಚಿನ ಯಂತ್ರದ ಪಕ್ಕ ಸತ್ತು ಬಿದ್ದಿದ್ದರು. ಆ ಯಂತ್ರದಿಂದ ಬಿಚ್ಚಿ ತಂದ ಎಂಟು ಟೋಪಿಗಳಲ್ಲಿ ಇದೊಂದು.

ಮುಚ್ಚಳ ಕಳಚಿ ಮೇಜಿನ ಮೇಲೆ ಉರುಳಿತು. ಟೋಪಿ ಅಕ್ಕ ದೀಪವನ್ನು ಹತ್ತಿರಕ್ಕೆ ಎಳೆದು, ಒಳಗೆ ಇಣುಕಿ, ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದಳು.

"ನೋಡಿ. ಸಾಸಿವೆ."

ತಗಡಿನ ನಡುವೆ ಬೂದು ಬಣ್ಣದ ಒಂದು ಚೂರು ಅಂಟಿಕೊಂಡಿತ್ತು. ನಿಜವಾಗಿಯೂ ಸಾಸಿವೆ ಕಾಳಿನಷ್ಟೇ.

"ಅಸಲಿ ಆಗಿದ್ರೆ?" ಎಂದಳು ಇನ್ಸ್‌ಪೆಕ್ಟರ್.

"ಕಿರುಬೆರಳಿನ ಉಗುರಿನಷ್ಟಿರ್ಬೇಕು. ಕರೆಂಟು ಹರಿಯೋದು ಆ ಚೂರಲ್ಲೇ. ಇದು ಯಾವ್ದೋ ಪುಟ್ಟ ರೇಡಿಯೋಕ್ಕೆ ಸಾಕಾಗೋ ಮಾಲು. ಅದಕ್ಕೆ ದೊಡ್ಡ ಟೋಪಿ ತೊಡಿಸಿ, ದೊಡ್ಡ ಕಂಪನಿ ನಂಬರು ಅಚ್ಚು ಹಾಕಿದ್ದಾರೆ."

ಅವಳು ಹತ್ತಿಯನ್ನು ಉಗುರುಬಣ್ಣ ಅಳಿಸುವ ದ್ರಾವಣದಲ್ಲಿ ಅದ್ದಿ ಇನ್ನೊಂದು ಟೋಪಿಯ ನೆತ್ತಿಯನ್ನು ಉಜ್ಜಿದಳು. ಬಿಳಿ ಅಂಕಿಗಳು ಹತ್ತಿಗೆ ಬಂದವು. ಅವುಗಳ ಅಡಿಯಲ್ಲಿ ಮರಳುಕಾಗದದ ಗೀರುಗಳು ಕಂಡವು.

"ನೀವೇ ಮಾರಿದ್ದಾ?" ಎಂದಳು ಇನ್ಸ್‌ಪೆಕ್ಟರ್.

ಟೋಪಿ ಅಕ್ಕ ಹತ್ತಿಯನ್ನು ನೆಲಕ್ಕೆ ಎಸೆದಳು. "ನೋಡಿ ಮೇಡಂ, ಟೋಪಿ ಮಾರೋದು ನನ್ನ ಕಸುಬು. ಟೋಪಿ ಹಾಕೋದಲ್ಲ."

ಕಾನ್‌ಸ್ಟೇಬಲ್ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ.

ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದು, ಅಷ್ಟೆ. ಗೋಡೆಯುದ್ದಕ್ಕೂ ಬಿಸ್ಕತ್ತಿನ ಡಬ್ಬಿಗಳು, ಒಳಗೆ ಹಳೆಯ ವೆಲ್ಡಿಂಗ್ ಮೆಷಿನ್ನು, ಲಿಫ್ಟು, ಯುಪಿಎಸ್‌ಗಳ ಹೊಟ್ಟೆ ಬಗೆದು ತೆಗೆದ ಸಾಮಾನು. ಟೋಪಿ ಅಕ್ಕ ಸ್ಟೂಲನ್ನು ಕಾಲಲ್ಲಿ ತಳ್ಳಿ ಇನ್ಸ್‌ಪೆಕ್ಟರ್‌ಗೆ ಕೊಟ್ಟಳು.

"ಈ ನಂಬರಿನ ಮಾಲು ಮಾಡೋದನ್ನ ಕಂಪನಿ ಯಾವತ್ತೋ ನಿಲ್ಲಿಸ್ತು. ಹೊಸದು ಅಂತ ಯಾರಾದ್ರೂ ಕೊಟ್ರೆ ಅದು ನಕಲಿ, ಕಣ್ಮುಚ್ಚಿ ಹೇಳ್ಬಹುದು. ಅಸಲಿ ಬೇಕು ಅಂದ್ರೆ ಹಳೇ ಯಂತ್ರ ಹುಡುಕಿ ಬಿಚ್ಬೇಕು. ನನಗೆ ಒಂದು ಟೆಲಿಫೋನ್ ಎಕ್ಸ್‌ಚೇಂಜಿನ ಪವರ್ ಪೆಟ್ಟಿಗೆ ಸಿಕ್ತು. ವಿಷಯ ಗೊತ್ತಾಗಿದ್ದೇ ತಡ, ಡಾಕ್ಟರೂ ಪ್ರೊಫೆಸರೂ ಜೋಡೆತ್ತಿನ ಹಾಗೆ ಬಂದು ನಿಂತ್ರು."

ಪ್ರೊಫೆಸರ್ ಎಂದರೆ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದವರು, ಡಾಕ್ಟರ ಬಹುಕಾಲದ ಗೆಳೆಯರು. ಇಬ್ಬರಿಗೂ ಒಂದೇ ಹುಚ್ಚು. ತಾಮ್ರದ ತಂತಿ ಸುತ್ತಿದ ಕಂಬದ ತುದಿಯಿಂದ ಮನೆಯೊಳಗೇ ಮಿಂಚು ಹಾರಿಸುವುದು. ಬೀದಿಯವರು ಒಬ್ಬರನ್ನು ಗುಡುಗು ಡಾಕ್ಟರ್ ಎನ್ನುತ್ತಿದ್ದರು, ಇನ್ನೊಬ್ಬರನ್ನು ಗುಡುಗಿನ ತಮ್ಮ ಎನ್ನುತ್ತಿದ್ದರು. ಡಾಕ್ಟರ ಶವವನ್ನು ಮೊದಲು ಕಂಡದ್ದೂ ಪ್ರೊಫೆಸರೇ.

"ಇಲ್ಲೇ ಕೂತು ಮಧ್ಯಾಹ್ನ ಪೂರ್ತಿ ಒಂದೊಂದನ್ನೂ ಮೀಟರ್ ಹಚ್ಚಿ ಅಳೆದ್ರು. ಸೊಸೆ ತರೋರು ಕೂಡ ಇಷ್ಟು ಅಳೆದು ತೂಗಲ್ಲ. ಕೊನೆಗೆ ಒಂದೇ ಗುಣದವು ಎಂಟು ಸಿಕ್ಕವು. ಒಂದು ಯಂತ್ರಕ್ಕೆ ಎಂಟು ಬೇಕು. ಇಬ್ಬರದೂ ಸೇರಿ ಯಂತ್ರ ಎರಡಿದ್ವು."

"ಆಮೇಲೆ?"

"ಡಾಕ್ಟರು ಎಂಟನ್ನೂ ಜೇಬಿಗೆ ಇಳಿಸ್ಕೊಂಡ್ರು. ಪ್ರೊಫೆಸರು ಚಪ್ಪಲಿ ಹಾಕ್ಕೊಂಡು ಹೊರಟುಹೋದ್ರು. ಜಗಳ ಇಲ್ಲ, ಮಾತಿಲ್ಲ. ಜಗಳ ಆಡಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು ನನಗೆ." ಟೋಪಿ ಅಕ್ಕ ಗರಗಸವನ್ನು ಮೊಳೆಗೆ ತೂಗುಹಾಕಿದಳು. "ಈ ಸಾಸಿವೆ ನನ್ನ ಮಾಲಲ್ಲ ಅನ್ನೋಕೆ ಗುರುತು ಬೇಕಾ? ಡಾಕ್ಟರು ಆಮೇಲೊಂದು ದಿನ ಬಂದು ತೋರಿಸಿದ್ರು. ಹಲ್ಲು ಕೊರೆಯೋ ಡ್ರಿಲ್ಲಲ್ಲಿ ಪ್ರತಿಯೊಂದರ ನೆತ್ತಿ ಮೇಲೂ ಮೂರು ಚುಕ್ಕಿ ಕೊರೆದಿದ್ರು. 'ಮಕ್ಕಳಿಗೆ ಮಚ್ಚೆ ಇಟ್ಟಿದ್ದೀನಿ, ಇನ್ನು ಯಾರೂ ಅದಲುಬದಲು ಮಾಡೋಕಾಗಲ್ಲ' ಅಂತ ನಕ್ರು."

ಇನ್ಸ್‌ಪೆಕ್ಟರ್ ಎಂಟನ್ನೂ ಬೆಳಕಿಗೆ ಹಿಡಿದು ನೋಡಿದಳು. ಒಂದರ ಮೇಲೂ ಚುಕ್ಕಿ ಇರಲಿಲ್ಲ.

ಡಾಕ್ಟರ ಕೋಣೆಯಲ್ಲಿ ಅವಳನ್ನು ತಡೆದು ನಿಲ್ಲಿಸಿದ್ದೂ ಇಂಥದ್ದೇ ಒಂದು ಸಣ್ಣ ಸಂಗತಿ. ಯಂತ್ರದ ಬೆಸುಗೆಗಳೆಲ್ಲ ಸಿಮೆಂಟು ತುಂಬಿದ ಹಲ್ಲಿನಂತೆ ನಯವಾಗಿದ್ದವು. ಟ್ರಾನ್ಸಿಸ್ಟರುಗಳ ಕಾಲುಗಳಲ್ಲಿ ಮಾತ್ರ ಸೀಸ ಉಂಡೆಯುಂಡೆಯಾಗಿ ಹೆಪ್ಪುಗಟ್ಟಿತ್ತು. ಯಾರೋ ಅವಸರದಲ್ಲಿದ್ದರು. ಆ ಯಾರೋ ಡಾಕ್ಟರಾಗಿರಲಿಲ್ಲ.

ಬೀದಿಗೆ ಬಂದವಳೇ ಅವಳು ಆಸ್ಪತ್ರೆಯ ಶವಾಗಾರಕ್ಕೆ ಫೋನು ಮಾಡಿದಳು. ಡಾಕ್ಟರಿಗೆ ಹೆಂಡತಿ ಮಕ್ಕಳಿರಲಿಲ್ಲ. ಅಣ್ಣ ದೂರದಿಂದ ಬರುತ್ತಿದ್ದ, ಸಂಜೆ ಶವವನ್ನು ಅವನ ಕೈಗೆ ಕೊಡಬೇಕು. ಮೇಲಧಿಕಾರಿ ಬೆಳಗ್ಗೆಯೇ ಹೇಳಿದ್ದರು: ವಿದ್ಯುತ್ ಅಪಘಾತ, ಫೈಲು ಮುಚ್ಚಿ.

"ಇನ್ನೊಂದು ಸಲ ನೋಡಿ," ಎಂದಳು ಅವಳು ಶವಪರೀಕ್ಷೆಯ ವೈದ್ಯನಿಗೆ. "ಕರೆಂಟು ಹೊಡೆದಿದೆ ಅನ್ನೋದನ್ನ ಮರೆತು ನೋಡಿ."

"ಏನು ಹುಡುಕ್ಲಿ?"

"ಗೊತ್ತಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ?"

*

ಪ್ರೊಫೆಸರ ಮನೆಯ ಬಾಗಿಲು ತೆರೆದವಳು ಅವರ ಮಗಳು. ಹಲ್ಲಿನ ವೈದ್ಯಕೀಯ ಓದಿ ಮುಗಿಸಿ, ಸತ್ತ ಡಾಕ್ಟರ ಕ್ಲಿನಿಕ್ಕಿನಲ್ಲೇ ಕೆಲಸಕ್ಕೆ ಸೇರಿದ್ದಳು. ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದಳು. ಕಣ್ಣು ಊದಿಕೊಂಡಿತ್ತು. ಪಕ್ಕಕ್ಕೆ ಸರಿದು, ಒಳಗೆ ಹೋದಳು.

ಮುಂದಿನ ಕೋಣೆಯ ಅರ್ಧ ಮನೆ, ಅರ್ಧ ವರ್ಕ್‌ಶಾಪು. ಸೋಫಾದ ಎದುರು ಟಿವಿ ಇರಬೇಕಾದ ಜಾಗದಲ್ಲಿ ಬೆಡ್‌ಶೀಟು ಹೊದ್ದ ಎತ್ತರದ ಆಕೃತಿಯೊಂದು ನಿಂತಿತ್ತು. ಪ್ರೊಫೆಸರ ಯಂತ್ರ ಅದು.

"ನೀವು ಹೇಳಿಕೇಲಿ ಏನಂದಿದ್ರಿ, ಇನ್ನೊಂದು ಸಲ ಹೇಳಿ," ಎಂದಳು ಇನ್ಸ್‌ಪೆಕ್ಟರ್.

"ಹೇಳಾಯ್ತಲ್ಲ. ಸಂಜೆ ಹೋದೆ. ಬಾಗಿಲು ತೆಗೆದೇ ಇತ್ತು. ಯಂತ್ರ ಓಡ್ತಾ ಇತ್ತು, ಗೇಣುದ್ದ ಕಿಡಿ ಹಾರ್ತಾ ಇತ್ತು. ಅವನು ಕೆಳಗೆ ಬಿದ್ದಿದ್ದ. ಸ್ವಿಚ್ ಆರಿಸಿ ನಿಮಗೆ ಫೋನ್ ಮಾಡ್ದೆ."

ಇನ್ಸ್‌ಪೆಕ್ಟರ್ ಜೇಬಿನಿಂದ ಕತ್ತರಿಸಿದ ಟೋಪಿಯನ್ನು ತೆಗೆದು ಮೇಜಿನ ಮೇಲಿಟ್ಟಳು.

ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡು ಬಾಗಿದರು. ಬಹಳ ಹೊತ್ತು ನೋಡಬೇಕಾದದ್ದೇನೂ ಅದರಲ್ಲಿರಲಿಲ್ಲ. ಆದರೂ ನೋಡುತ್ತಲೇ ಇದ್ದರು.

"ಇದು ಆ ಯಂತ್ರದಲ್ಲಿತ್ತು," ಎಂದಳು ಅವಳು. "ಇಂಥ ಎಂಟರಿಂದ ಗೇಣುದ್ದ ಕಿಡಿ ಬರುತ್ತಾ?"

"...ಬರಲ್ಲ."

"ಎಷ್ಟುದ್ದ ಬರುತ್ತೆ?"

"ಬರೋದೇ ಇಲ್ಲ. ಸ್ವಿಚ್ ಹಾಕಿದ ಕ್ಷಣಕ್ಕೇ ಸುಟ್ಟುಹೋಗ್ತವೆ."

"ಹಾಗಾದ್ರೆ ನೀವು ಕಿಡಿ ನೋಡಿದ ಮೇಲೆ, ನಾವು ಬರೋದರ ಒಳಗೆ, ಯಾರೋ ಟ್ರಾನ್ಸಿಸ್ಟರ್ ಬದಲಾಯಿಸಿದ್ದಾರೆ. ಆ ಕೋಣೇಲಿ ಆಗ ಇದ್ದವರು ಇಬ್ಬರು. ಒಬ್ಬರು ಸತ್ತಿದ್ರು."

ಪ್ರೊಫೆಸರು ತಮ್ಮ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. ಬಲಗೈ ತೋರುಬೆರಳಿನ ತುದಿಯಲ್ಲಿ ಬೆಸುಗೆಯ ಕಡ್ಡಿ ತಾಗಿದ ಗುಳ್ಳೆಯೊಂದು ಒಣಗುತ್ತಿತ್ತು. ಅವರು ಆ ಬೆರಳನ್ನು ಮಡಚಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಇವರು ಬೆರಳು ಮುಚ್ಚಿಕೊಂಡರು.

"ಎಷ್ಟು ಹೊತ್ತು ಹಿಡೀತು ಬಿಚ್ಚೋಕೆ?" ಎಂದಳು ಇನ್ಸ್‌ಪೆಕ್ಟರ್, ದನಿ ಏರಿಸದೆ.

"ನಾನು ಹೋದಾಗ ಅವನು ತಣ್ಣಗಾಗಿದ್ದ," ಎಂದರು ಪ್ರೊಫೆಸರು. "ದೇವರಾಣೆ. ಉಸಿರಿದ್ದಿದ್ರೆ ನಾನು ಹಾಗೆ ಮಾಡ್ತಿದ್ನಾ?"

"ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ ಇರಬಹುದು. ಅವನು ಹೋದ. ಇನ್ನು ಅವನಣ್ಣ ಬರ್ತಾನೆ, ಎಲ್ಲಾನೂ ಗುಜರಿಗೆ ಹಾಕ್ತಾನೆ. ಆ ಎಂಟು ಟ್ರಾನ್ಸಿಸ್ಟರು ಇನ್ನು ಈ ಜನ್ಮದಲ್ಲಿ ಸಿಗಲ್ಲ ಅನ್ನಿಸ್ತು. ನನ್ನ ಹತ್ರ ಯಾರೋ ತಲೆಗೆ ಕಟ್ಟಿದ ನಕಲಿ ಎಂಟು ಬಿದ್ದಿದ್ವು. ಅವನ್ನ ತಂದು ಹಾಕಿದೆ, ಖಾಲಿ ಕಂಡ್ರೆ ಅನುಮಾನ ಬರುತ್ತೆ ಅಂತ."

"ಕಿಡಿ?"

"ನೋಡ್ಲಿಲ್ಲ. ಯಂತ್ರ ಆರಿತ್ತು. ಪಕ್ಕದಲ್ಲೇ ಬಿದ್ದಿದ್ನಲ್ಲ, ಇನ್ನೇನಾಗಿರುತ್ತೆ ಅಂತ ನಾನೇ ಅಂದ್ಕೊಂಡೆ. ಓಡ್ತಿತ್ತು ಅಂದ್ರೆ ನೀವೂ ಜಾಸ್ತಿ ಕೆದಕಲ್ಲ ಅಂತ..."

ಅವರ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಸುಸ್ತು ಹೆಚ್ಚಾಗಿತ್ತು. ಗೆಳೆಯನ ಹೆಣದ ಪಕ್ಕ ಮೊಣಕಾಲೂರಿ ಸ್ಕ್ರೂ ತಿರುಗಿಸುತ್ತ ಕೂತ ಮನುಷ್ಯ ಇವರೇ ಎಂದು ಹೇಳಿದರೆ ಅವರ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ.

"ತನ್ನಿ," ಎಂದಳು ಇನ್ಸ್‌ಪೆಕ್ಟರ್.

ಪ್ರೊಫೆಸರು ಕಪಾಟಿನಿಂದ ಒಂದು ಸ್ಟೀಲಿನ ಡಬ್ಬಿ ತಂದರು. ಒಳಗೆ, ಹತ್ತಿಯ ಹಾಸಿಗೆಯ ಮೇಲೆ, ಎಂಟು ಟೋಪಿಗಳು. ಪ್ರತಿಯೊಂದರ ನೆತ್ತಿಯ ಮೇಲೂ ಸೂಜಿಮೊನೆಯಷ್ಟು ಮೂರು ಚುಕ್ಕಿ.

ಆ ಸ್ಥಿತಿಯಲ್ಲೂ ಅವರ ಮುಖ ಒಂದಿಷ್ಟು ಬೆಳಗಿತು. "ನೋಡಿ, ಇವನ್ನ ಒಟ್ಟಿಗೆ ಕೆಲಸಕ್ಕೆ ಹಚ್ಚೋದು ಸುಲಭ ಅಲ್ಲ. ಎಂಟು ಜನ ಸೇರಿ ಕಬ್ಬಿಣದ ಬೀರು ಮಹಡಿಗೆ ಹೊರ್ತಾರೆ ಅಂದ್ಕೊಳ್ಳಿ. ಅದರಲ್ಲಿ ಒಬ್ಬ ಸ್ವಲ್ಪ ಎತ್ತರ ಇದ್ರೆ? ಭಾರ ಎಲ್ಲ ಅವನ ಹೆಗಲಿಗೆ. ಅವನು ಕುಸಿದ್ರೆ ಪಕ್ಕದವನು, ಆಮೇಲೆ ಅವನ ಪಕ್ಕದವನು. ಟ್ರಾನ್ಸಿಸ್ಟರ್ ಇನ್ನೂ ಮೊಂಡು. ಬಿಸಿ ಆದಷ್ಟೂ ಇನ್ನಷ್ಟು ಕರೆಂಟು ಎಳ್ಕೊಳ್ಳುತ್ತೆ, ಎಳ್ಕೊಂಡಷ್ಟೂ ಬಿಸಿ ಆಗುತ್ತೆ. ಅದಕ್ಕೇ ಸಮಾನ ಗುಣದವನ್ನೇ ಆರಿಸ್ಬೇಕು. ಒಂದೊಂದರ ಕಾಲಿಗೂ ಒಂದು ಪುಟ್ಟ ರೆಸಿಸ್ಟರ್ ಕಟ್ಬೇಕು, ಯಾವ್ದೂ ಮುಂದೆ ಓಡದ ಹಾಗೆ."

"ಕಡಿವಾಣ," ಎಂದ ಕಾನ್‌ಸ್ಟೇಬಲ್.

"ಹೌದು. ಕಡಿವಾಣ."

"ಇದರಲ್ಲೊಂದನ್ನ ಕೊಯ್ಬೇಕು," ಎಂದಳು ಇನ್ಸ್‌ಪೆಕ್ಟರ್.

ಪ್ರೊಫೆಸರು ಡಬ್ಬಿಯ ಮೇಲೆ ಕೈಯಿಟ್ಟರು. "ಬೇಡ. ಅಳೆದು ನೋಡಿ, ತೂಕ ಮಾಡಿ, ಏನಾದ್ರೂ ಮಾಡಿ. ಕೊಯ್ಯೋದು ಮಾತ್ರ ಬೇಡ."

"ಅದು ನಿಮ್ಮ ಟ್ರಾನ್ಸಿಸ್ಟರ್ ಅಲ್ಲ ಸಾರ್. ಸಾಕ್ಷಿ."

ಗರಗಸವೂ ವೈಸೂ ಆ ಮನೆಯಲ್ಲೇ ಇದ್ದವು. ಕಾನ್‌ಸ್ಟೇಬಲ್ ಅಂಗಿಯ ತೋಳು ಮಡಚಿ ಕೊಯ್ಯತೊಡಗಿದ. ಪ್ರೊಫೆಸರು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತರು. ಮುಚ್ಚಳ ಬಿದ್ದ ಸದ್ದಾಯಿತು.

"ಮೇಡಂ," ಎಂದ ಕಾನ್‌ಸ್ಟೇಬಲ್. "ಇಲ್ಲೂ ಸಾಸಿವೆ."

ಪ್ರೊಫೆಸರು ಎರಡೇ ಹೆಜ್ಜೆಗೆ ಮೇಜಿನ ಬಳಿ ಬಂದರು. ನೋಡಿದರು. ಭೂತಗನ್ನಡಿ ತಂದು ಮತ್ತೆ ನೋಡಿದರು. ಅದೇ ಬೂದು ಚೂರು, ಅಷ್ಟೇ ಅಳತೆ.

"ಸಾಧ್ಯವೇ ಇಲ್ಲ. ಇದು ಅವನ ಗುರುತು. ಅವನ ಡ್ರಿಲ್ಲು."

"ಗುರುತು ಯಾರು ಬೇಕಾದ್ರೂ ಹಾಕಬಹುದು. ಡ್ರಿಲ್ಲು ಕೈಗೆ ಸಿಗ್ಬೇಕು, ಅಷ್ಟೆ."

ಒಬ್ಬ ಕಳ್ಳ ಮುಕ್ಕಾಲು ಗಂಟೆ ಬೆವರು ಸುರಿಸಿ ಕದ್ದದ್ದೂ ನಕಲಿ, ಬದಲಿಗೆ ಇಟ್ಟುಬಂದದ್ದೂ ನಕಲಿ. ಅವನಿಗಿಂತ ಮೊದಲೇ ಇನ್ನೊಬ್ಬರು ಆ ಕೆಲಸ ಮುಗಿಸಿದ್ದರು. ಅವರದು ಅವಸರದ ಕೈಯಲ್ಲ. ಚುಕ್ಕಿ ಕೊರೆಯುವಷ್ಟು ಸಮಾಧಾನ ಅವರಿಗಿತ್ತು.

"ಉಳಿದ ಏಳನ್ನ ಮೀಟರ್‌ಗೆ ಹಚ್ಚಿ," ಎಂದಳು ಇನ್ಸ್‌ಪೆಕ್ಟರ್. "ಸುಟ್ಟಿವೆಯಾ, ಬದುಕಿವೆಯಾ ಹೇಳಿ."

ಪ್ರೊಫೆಸರು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮೀಟರಿನ ಎರಡು ಕಡ್ಡಿಗಳನ್ನು ಒಂದೊಂದರ ಕಾಲಿಗೂ ಮುಟ್ಟಿಸಿದರು. ಕೊನೆಯದನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದರು.

"ಎಲ್ಲಾ ಬದುಕಿವೆ."

"ಅಂದ್ರೆ?"

"ಯಂತ್ರಕ್ಕೆ ಸ್ವಿಚ್ ಹಾಕಿದ್ದಿದ್ರೆ ಇವು ಸತ್ತಿರ್ಬೇಕಿತ್ತು. ಸತ್ತಿಲ್ಲ." ಅವರು ನಿಧಾನವಾಗಿ ತಲೆ ಎತ್ತಿದರು. "ಬಿಚ್ಚುವಾಗ ತಣ್ಣಗಿದ್ವು. ಆಗಲೇ ಹೊಳೀಬೇಕಿತ್ತು ನನಗೆ. ಅವತ್ತು ಆ ಯಂತ್ರ ಓಡೇ ಇಲ್ಲ ಮೇಡಂ."

"ಮನೆ ಕರೆಂಟು ಹೊಡೆದಿರಬಹುದಲ್ಲ?"

"ಅದು ಮುಚ್ಚಿದ ಪೆಟ್ಟಿಗೆಯೊಳಗೆ ಹೋಗುತ್ತೆ. ನಾನು ಹೋದಾಗ್ಲೂ ಪೆಟ್ಟಿಗೆ ಮುಚ್ಚೇ ಇತ್ತು, ಆಮೇಲೆ ನೀವೂ ನೋಡಿದ್ದೀರಿ. ಅವನು ಆ ವಿಷಯದಲ್ಲಿ ಬಹಳ ಹುಷಾರು." ಅವರು ಮೀಟರನ್ನು ಪಕ್ಕಕ್ಕೆ ಸರಿಸಿದರು. "ಅವನನ್ನ ಮಿಂಚು ಕೊಂದಿಲ್ಲ."

ಅಷ್ಟರಲ್ಲಿ ಇನ್ಸ್‌ಪೆಕ್ಟರ ಫೋನು ಬಡಿದುಕೊಂಡಿತು. ಶವಾಗಾರ. ಅವಳು ಎದ್ದು ವರಾಂಡಕ್ಕೆ ಹೋಗಿ, ಹಿಂದಿನಿಂದ ಬಾಗಿಲು ಎಳೆದುಕೊಂಡಳು.

"ನೀವು ಹೇಳಿದ್ದು ಒಳ್ಳೇದಾಯ್ತು," ಎಂದ ವೈದ್ಯ. "ಮೈಮೇಲೆ ಎಲ್ಲೂ ಏನಿಲ್ಲ. ಬಾಯಿ ತೆಗೆದು ನೋಡ್ದೆ. ಎಡಗಡೆ, ಮೇಲಿನ ಸಾಲು, ತೀರ ಹಿಂದಿನ ಒಸಡು. ಸೂಜಿ ಚುಚ್ಚಿದ ಗುರುತು. ಹೊಸದು."

"ಹಲ್ಲು ಮರಗಟ್ಟಿಸೋ ಇಂಜೆಕ್ಷನ್ನಾ?"

"ಜಾಗ ಅದೇ. ಒಳಗೆ ಹೋಗಿದ್ದು ಅದೇನಾ ಅಂತ ರಕ್ತ ಪರೀಕ್ಷೆ ಆಗ್ಬೇಕು. ಒಂದು ಮಾತು ಮಾತ್ರ ಹೇಳಬಲ್ಲೆ. ಅಷ್ಟು ಹಿಂದೆ ತನಗೆ ತಾನೇ ಅಷ್ಟು ನೇರವಾಗಿ ಚುಚ್ಚಿಕೊಳ್ಳೋದು ಕಷ್ಟ. ಅವರು ಯಾರ ಮುಂದೆಯೋ ಬಾಯಿ ತೆಗೆದು ಕೂತಿದ್ದಾರೆ. ನಂಬಿ ಕೂತಿದ್ದಾರೆ."

"ಶವ ಯಾರಿಗೂ ಕೊಡ್ಬೇಡಿ," ಎಂದಷ್ಟೇ ಹೇಳಿ ಅವಳು ಫೋನು ಇಟ್ಟಳು.

ಎದುರು ಮನೆಯ ಬಾಲ್ಕನಿಯಲ್ಲಿ ಹೆಂಗಸೊಬ್ಬಳು ಒಗೆದ ಬಟ್ಟೆ ಹರವುತ್ತಿದ್ದಳು. ಕೆಳಗೆ ಯಾರೋ ಬೈಕಿಗೆ ಕಿಕ್ ಹೊಡೆದು ಹೊಡೆದು ಸೋಲುತ್ತಿದ್ದ. ಇನ್ಸ್‌ಪೆಕ್ಟರ್ ಒಂದು ಕ್ಷಣ ಅವೆರಡನ್ನೂ ನೋಡಿ, ಒಳಗೆ ಬಂದಳು.

ಪ್ರೊಫೆಸರು ಕೂತಲ್ಲೇ ಇದ್ದರು. ಒಳಬಾಗಿಲ ಚೌಕಟ್ಟಿಗೆ ಒರಗಿ ಮಗಳು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತು, ಮಳೆ ಬರುತ್ತಾ ಎಂದು ಕೇಳುವಂತೆ ಕೇಳಿದಳು. "ಡಾಕ್ಟರಿಗೆ ಹಲ್ಲುನೋವು ಬಂದ್ರೆ ಯಾರ ಹತ್ರ ಹೋಗ್ತಿದ್ರು?"

ಪ್ರೊಫೆಸರು ಮಗಳ ಕಡೆ ತಿರುಗಿದರು.

"ನನ್ನ ಹತ್ರ," ಎಂದಳು ಮಗಳು. "ಬೇರೆ ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ ದೊಡ್ಡಪ್ಪ. 'ಊರಿಗೆಲ್ಲ ಬಾಯಿ ತೆಗೆಸ್ತೀನಿ, ನಾನು ಬಾಯಿ ತೆಗೆಯೋದು ನಿನ್ನ ಮುಂದೆ ಮಾತ್ರ' ಅಂತಿದ್ರು."

"ಅವತ್ತೂ ನೋಡಿದ್ರಾ?"

ಹುಡುಗಿಯ ಬೆರಳು ಚೌಕಟ್ಟಿನ ಬಣ್ಣವನ್ನು ಕೆರೆಯತೊಡಗಿತು. ಅವಳು ಬಾಯಿ ತೆರೆದಳು. ಮಾತು ಹೊರಡುವ ಮೊದಲೇ ಪ್ರೊಫೆಸರು ಕುರ್ಚಿ ಉರುಳುವಂತೆ ಎದ್ದು ನಿಂತರು.

"ನೀನು ಒಳಗೆ ಹೋಗು!" ಎಂದು ಮಗಳ ಮೇಲೆ ಗದರಿದರು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. ಇಷ್ಟು ಹೊತ್ತು ಸುಸ್ತಾಗಿದ್ದ ದನಿ ಈಗ ಒಡೆದಿತ್ತು. "ಕದ್ದಿದ್ದು ನಾನು. ಸುಳ್ಳು ಹೇಳಿದ್ದು ನಾನು. ನನ್ನನ್ನ ಕರ್ಕೊಂಡು ಹೋಗಿ, ಬೇಡ ಅನ್ನಲ್ಲ. ಅವಳ ತಂಟೆಗೆ ಮಾತ್ರ ಬರ್ಬೇಡಿ. ಅವಳು ಅವತ್ತು ಸೂಜಿ ಮುಟ್ಟೇ ಇಲ್ಲ!"

ಸೂಜಿಯ ಮಾತನ್ನು ಇನ್ಸ್‌ಪೆಕ್ಟರ್ ಎತ್ತಿರಲಿಲ್ಲ. ಕಾನ್‌ಸ್ಟೇಬಲ್‌ಗೂ ಹೇಳಿರಲಿಲ್ಲ. ಅವಳು ಪ್ರೊಫೆಸರನ್ನೇ ನೋಡುತ್ತ, ಕೇಳಬೇಕಾದ ಒಂದೇ ಒಂದು ಪ್ರಶ್ನೆಗೆ ಬಾಯಿ ತೆರೆದಳು.

ಆದರೆ ಅದನ್ನು ಕೇಳಿದವಳು ಮಗಳು. ಚೌಕಟ್ಟನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಸೂಜಿ ವಿಷಯ ನಿಮಗೆ ಹೇಗೆ ಗೊತ್ತಾಯ್ತಪ್ಪಾ?"